ಉತ್ತರಪತ್ರಿಕೆ ಯಾರ ಸ್ವತ್ತು?

2008ರಲ್ಲಿ ಸಿಬಿಎಸ್‌ಇ ಪರೀಕ್ಷೆ ಬರೆದ ವಿದ್ಯಾರ್ಥಿಯೊಬ್ಬನಿಗೆ ಬಂದ ಅಂಕ ಸಮಾಧಾನ ತರಲಿಲ್ಲ. ಉತ್ತರಪತ್ರಿಕೆ ತೋರಿಸಿ, ಮರುಮೌಲ್ಯಮಾಪನ ಮಾಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ. ಮಂಡಳಿ ಒಪ್ಪಲಿಲ್ಲ. ಉತ್ತರಪತ್ರಿಕೆಯನ್ನು ತಾನು ವಿಶ್ವಾಸದ ಮೇಲೆ ಇಟ್ಟುಕೊಂಡಿದ್ದೇನೆ, ಅಂಥದ್ದನ್ನು ಕೊಡಬೇಕಾಗಿಲ್ಲ ಎಂದು ಕಾಯ್ದೆಯ 8ನೇ ಕಲಮನ್ನು ಮುಂದಿಟ್ಟಿತು. ಯಾರ ವಿಶ್ವಾಸ? ಬರೆದ ಹುಡುಗನದಂತೂ ಅಲ್ಲ!

ವ್ಯಾಜ್ಯ ಕಲ್ಕತ್ತಾ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಆಗಸ್ಟ್ 9ರಂದು, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ತೀರ್ಪು ಕೊಟ್ಟಿತು: ಮೌಲ್ಯಮಾಪನವಾದ ಉತ್ತರಪತ್ರಿಕೆಯೂ 'ಮಾಹಿತಿ'ಯೇ, ಬರೆದವನು ಅದನ್ನು ನೋಡಬಹುದು, ಪ್ರತಿ ಪಡೆಯಬಹುದು. ಮೌಲ್ಯಮಾಪಕರ ಹೆಸರು ಮಾತ್ರ ಗುಟ್ಟಾಗಿರಬೇಕು. ಮರುಮೌಲ್ಯಮಾಪನ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುವುದಿಲ್ಲ.

ಪಾಲಕರು ಎಡವುವುದು ಇಲ್ಲಿಯೇ. "ನನ್ನ ಮಗಳಿಗೆ ಏಕೆ ಕಡಿಮೆ ಅಂಕ ಬಂತು?" ಎಂದು ಕೇಳಿದರೆ, ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ಕಚೇರಿ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಾನೂನೂ ಅದರ ಪರವಾಗಿಯೇ ಇದೆ: ಕಡತದಲ್ಲಿ ಇರುವುದನ್ನು ಕೊಡಬೇಕೇ ಹೊರತು ಇಲ್ಲದ ಕಾರಣವನ್ನು ಹುಡುಕಿ ಬರೆದುಕೊಡಬೇಕಾಗಿಲ್ಲ. "ಇಂಥ ನೋಂದಣಿ ಸಂಖ್ಯೆಯ, ಇಂಥ ವಿಷಯದ ಉತ್ತರಪತ್ರಿಕೆಯ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿದರೆ ಆ ದಾರಿ ಮುಚ್ಚುತ್ತದೆ. ಏಕೆ ಬೇಕು ಎಂಬ ವಿವರಣೆ ಅರ್ಜಿಯಲ್ಲಿ ಬೇಕಿಲ್ಲ. ಗುಮಾಸ್ತರು ಕೇಳಿದರೂ ಹೇಳಬೇಕಾಗಿಲ್ಲ.

ಕರ್ನಾಟಕದ ನಿಯಮದಲ್ಲಿ ಇನ್ನೊಂದು ತೊಡಕಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಸಾಮಾನ್ಯವಾಗಿ 150 ಪದ ಮೀರಬಾರದು. ಶಾಲೆಯ ಪ್ರಬಂಧಕ್ಕೂ ಇದಕ್ಕಿಂತ ಹೆಚ್ಚು ಜಾಗ ಸಿಗುತ್ತದೆ! ಉತ್ತರಪತ್ರಿಕೆ, ವಿದ್ಯಾರ್ಥಿವೇತನ, ಶುಲ್ಕ ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅರ್ಜಿ ಹಾಗೆಯೇ ವಾಪಸು ಬರಬಹುದು.

ಇಲಾಖೆ 30 ದಿನಗಳಲ್ಲಿ ಉತ್ತರಿಸಬೇಕು. ವಿಷಯ ತನ್ನದಲ್ಲದಿದ್ದರೆ 5 ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. "ಅಲ್ಲಿ ಹೋಗಿ ಕೇಳಿ" ಎನ್ನುವಂತಿಲ್ಲ. ನಿರಾಕರಿಸಿದರೆ ಕಾರಣವನ್ನೂ ಮೇಲ್ಮನವಿ ಯಾರಿಗೆ ಎಂಬುದನ್ನೂ ಬರೆಯಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಸಕಾರಣವಿಲ್ಲದ ವಿಳಂಬಕ್ಕೆ ಆಯೋಗವು ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕಬಹುದು.

ಓದಲು ಇದೆಲ್ಲ ಚೆನ್ನ. ಆದರೆ ಲೆಕ್ಕ ಹಾಕಿ ನೋಡಬೇಕು. ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30ರಿಂದ 45 ದಿನ. ಅಲ್ಲಿಗೆ ಎರಡೂವರೆ ತಿಂಗಳು. 2011ರ ತೀರ್ಪಿನ ಕಾಲದಲ್ಲಿ ಸಿಬಿಎಸ್‌ಇ ಉತ್ತರಪತ್ರಿಕೆ ಕಾಯ್ದಿಡುತ್ತಿದ್ದುದು 3 ತಿಂಗಳು ಮಾತ್ರ. ಕಾಯ್ದಿಡುವ ಅವಧಿ ಮುಗಿದು ನಾಶವಾದ ಕಾಗದವನ್ನು ಯಾವ ಆಯೋಗವೂ ಕೊಡಿಸಲಾರದು. ಹಾಗಾಗಿ ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕುವುದು, ಅದು ಇತ್ಯರ್ಥವಾಗುವವರೆಗೆ ಪತ್ರಿಕೆ ನಾಶಮಾಡಬಾರದೆಂದು ಒಂದು ಸಾಲು ಸೇರಿಸುವುದು ಜಾಣತನ.

ಶುಲ್ಕದ ಜಗಳವೂ ಕೋರ್ಟ್ ಹತ್ತಿತು. ಕೇಂದ್ರದ ನಿಯಮದಂತೆ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ಮಾತ್ರ ತನ್ನದೇ ನಿಯಮ ತೋರಿಸಿ ವಿಷಯವೊಂದಕ್ಕೆ 500 ರೂಪಾಯಿ ಕೇಳುತ್ತಿತ್ತು. ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಆ ಹಕ್ಕಿನ ನಿಯಮದ ಶುಲ್ಕವೇ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಎಲ್ಲ ಪರೀಕ್ಷೆಗಳಿಗೂ ಈ ಬಾಗಿಲು ಒಂದೇ ರೀತಿ ತೆರೆದಿಲ್ಲ: ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ವಿವರಗಳನ್ನು ಕೇಳಿದೊಡನೆ ಯಾಂತ್ರಿಕವಾಗಿ ಕೊಡಬೇಕಿಲ್ಲ ಎಂದು 2018ರಲ್ಲಿ ಅದೇ ಕೋರ್ಟ್ ಹೇಳಿದೆ.

ಅರ್ಜಿಯನ್ನು ಟಪ್ಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿದ ಸ್ವೀಕೃತಿ ಪಡೆಯಬೇಕು, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು. 30 ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಕಚೇರಿಗೆ ತಲುಪಿದ ದಿನದಿಂದ.