ಮಟ್ಟಿ ಒಣಗುವ ಮುನ್ನ

ದಸರಾ ಕುಸ್ತಿಯ ದಿನ ಮೈಸೂರಿನ ಅಖಾಡದ ಸುತ್ತ ನೆರೆಯುವ ಜನರನ್ನು ಕಂಡವರು, ನಾಡಕುಸ್ತಿಗೆ ಏನೂ ಆಗಿಲ್ಲವೆಂದು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಆ ನಿಶ್ಚಿಂತೆಯೇ ನಮಗೆ ಅಂಜಿಕೆ ಹುಟ್ಟಿಸುತ್ತಿದೆ. ಕುಸ್ತಿಯ ನಿಜಸ್ಥಿತಿ ತಿಳಿಯಬೇಕಾದರೆ ಹಬ್ಬವಿಲ್ಲದ ತಿಂಗಳಲ್ಲಿ, ನಸುಕಿನಲ್ಲಿ, ಹಳೆಯ ಮೊಹಲ್ಲಾದ ಗರಡಿಯೊಂದರ ಬಾಗಿಲಿಗೆ ಹೋಗಿ ನಿಲ್ಲಬೇಕು. ಮಟ್ಟಿ ಅಗೆಯಲು ಎಷ್ಟು ಹುಡುಗರು ಬಂದಿದ್ದಾರೆ? ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ನಿಂಬೆರಸ ಬಿದ್ದು ಎಷ್ಟು ಕಾಲವಾಯಿತು? ಬೀದಿ ಕಡೆಯ ಗೋಡೆ ಒಡೆದು ಮಳಿಗೆಗೆ ಬಾಗಿಲಿಟ್ಟಿದ್ದಾರೆಯೇ? ನಾಲ್ಕು ದಿನ ಬಾರದ ಹುಡುಗನನ್ನು ಉಸ್ತಾದರು ಈಗಲೂ ವಿಚಾರಿಸುತ್ತಾರೆಯೇ, ಇಲ್ಲ, ಕಾರಣ ಗೊತ್ತಿದ್ದು ಸುಮ್ಮನಿದ್ದಾರೆಯೇ?

ಗರಡಿ ಎಂದೂ ಲಾಭಕ್ಕಾಗಿ ನಡೆದದ್ದಲ್ಲ. ಮೊದಲು ಅರಮನೆಯ ಆಶ್ರಯವಿತ್ತು, ಆಮೇಲೆ ಮೊಹಲ್ಲಾದವರ ಕೊಡುಗೆ. ಈಗ ಭಾರವೆಲ್ಲ ಪೈಲ್ವಾನನ ಮನೆಯ ಮೇಲೆ. ಹಾಲು, ತುಪ್ಪ, ಬಾದಾಮಿ, ಮಾಂಸ ಇವಿಲ್ಲದೆ ಸಾಮು ಮಾಡಿದರೆ ಮೈ ಬೆಳೆಯುವುದಿಲ್ಲ, ಸವೆಯುತ್ತದೆ. ಕೂಲಿಯ ಮನೆಯಲ್ಲಿ ಒಬ್ಬ ಮಗನಿಗೆ ಇಷ್ಟನ್ನು ಒದಗಿಸಬೇಕಾದರೆ ಮಿಕ್ಕವರ ತಟ್ಟೆಯಿಂದಲೇ ತೆಗೆಯಬೇಕು. ಅಷ್ಟು ಮಾಡಿ ಗೆದ್ದರೂ, ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಗಳೆಲ್ಲ ಮ್ಯಾಟಿನ ಮೇಲೆ. ಕ್ರೀಡಾ ಕೋಟಾದ ನೌಕರಿಯೂ ಆ ದಾರಿಯಲ್ಲೇ. ಹುಡುಗ ಲೆಕ್ಕ ಹಾಕಿ ಜಿಮ್ಮಿನಲ್ಲಿ ಕೆಲಸ ಹಿಡಿಯುತ್ತಾನೆ. ಅವನನ್ನು ದೂರುವುದು ಅನ್ಯಾಯ.

ಹೀಗಾದದ್ದು ಬೇರೆಡೆಯೂ ಉಂಟು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ರಾಂಕ್ ಎಂಬ ಬಾಕ್ಸಿಂಗ್ ಗರಡಿಯಿತ್ತು. ನಗರಾಡಳಿತದ ಕಟ್ಟಡವೊಂದರ ನೆಲಮಾಳಿಗೆ ಅದು. ಇಮ್ಯಾನ್ಯುಯೆಲ್ ಸ್ಟೀವರ್ಡ್ ಪಳಗಿಸಿದ ಹಿಲ್ಮರ್ ಕೆಂಟಿ, ಥಾಮಸ್ ಹರ್ನ್ಸ್ ಇಬ್ಬರೂ 1980ರಲ್ಲಿ ವಿಶ್ವ ಚಾಂಪಿಯನ್ನರಾದರು. ಅಂಥ ಹೆಸರಿರುವ ಜಾಗ ಮುಚ್ಚೀತೆಂದು ಯಾರು ನಂಬುತ್ತಿದ್ದರು? ಕಾರ್ಖಾನೆಗಳು ಕುಸಿದು ನಗರದ ಬೊಕ್ಕಸ ಬರಿದಾಯಿತು. 2006ರಲ್ಲಿ ಕಳ್ಳರು ನೀರಿನ ತಾಮ್ರದ ಕೊಳವೆಗಳನ್ನೇ ಕಿತ್ತೊಯ್ದರು, ಬಾಗಿಲು ಬಿತ್ತು. 2017ರಲ್ಲಿ ಪಾಳು ಕಟ್ಟಡಕ್ಕೆ ಬೆಂಕಿ ಬಿತ್ತು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಚಾಳಿ ನಮಗೂ ಇದೆ. ಮುಚ್ಚಿದ ಗರಡಿಗೆ ಪಾರಂಪರಿಕ ಕಟ್ಟಡದ ಫಲಕ ತೂಗುಹಾಕಬಹುದು. ಪಟ್ಟುಗಳನ್ನು ಕಲಿಸುವ ಉಸ್ತಾದರನ್ನು ಎಲ್ಲಿಂದ ತರುವುದು?

ಬೇಕಾದದ್ದು ದೊಡ್ಡ ಮೊತ್ತವಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳಿಗೆ ಹಾಲು ಕೊಟ್ಟಿತು. ಗರಡಿಯ ಹುಡುಗರಿಗೂ ಸಿಗಲಿ. ದಸರಾ ಅನುದಾನದ ಒಂದು ಪಾಲು ವರ್ಷವಿಡೀ ಗರಡಿಗಳಿಗೆ ತಲುಪಲಿ. ಯಾವ ಗರಡಿಯ ಜಾಗ ಯಾರ ಖಾತೆಯಲ್ಲಿದೆ ಎಂಬುದನ್ನು ಪಾಲಿಕೆ ಪಟ್ಟಿ ಮಾಡಲಿ. ಮುಂದಿನ ದಸರೆಗೆ ಜೋಡಿ ಕಟ್ಟುವುದರೊಳಗೆ ಇಷ್ಟಾಗಬೇಕು.