ಮಾತಾಡಿ ಎನ್ನುವ ಕೋರ್ಟು, ನಿಲ್ಲದ ಗಡುವು

ಮಾತಾಡದಿದ್ದರೆ ದಂಡ ಎನ್ನುವ ಕಾನೂನು, ಮಾತುಕತೆ ನಡೆಯುವಷ್ಟು ದಿನ ದಾವೆಯ ಗಡುವನ್ನು ನಿಲ್ಲಿಸಬೇಕು. ಇಂಗ್ಲೆಂಡ್ ಮೊದಲನೆಯದನ್ನು ಮಾಡಿದೆ, ಎರಡನೆಯದನ್ನು ಮಾಡಿಲ್ಲ. ಕರಾರು ಮುರಿದವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

2024ರ ಅಕ್ಟೋಬರ್ 1ರಂದು ಅಲ್ಲಿನ ಸಿವಿಲ್ ಪ್ರಕ್ರಿಯಾ ನಿಯಮಗಳಿಗೆ ತಿದ್ದುಪಡಿ ಬಂತು. ಕೋರ್ಟಿನ ಹೊರಗೆ ವ್ಯಾಜ್ಯ ಬಗೆಹರಿಸುವುದಕ್ಕೆ ಉತ್ತೇಜನ ಕೊಡುವುದು ಈಗ ನಿಯಮಗಳ ಮೂಲ ಉದ್ದೇಶದಲ್ಲೇ ಸೇರಿದೆ. ಕಕ್ಷಿದಾರರನ್ನು ಒತ್ತಾಯಿಸುವಂತಿಲ್ಲ ಎಂದು 2004ರ ಹಾಲ್ಸಿ ತೀರ್ಪಿನಲ್ಲಿ ಬಂದಿದ್ದ ಮಾತನ್ನು ಹತ್ತೊಂಬತ್ತು ವರ್ಷ ಎಲ್ಲರೂ ಪಾಲಿಸಿದ್ದರು. 2023ರ ನವೆಂಬರ್‌ನಲ್ಲಿ ಚರ್ಚಿಲ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಬದಿಗಿಟ್ಟಿತು. ಅಂದಿನಿಂದ ಬಂದ ಹೊಗಳಿಕೆಯ ಬರಹಗಳು ಒಂದೆರಡಲ್ಲ. ದಾವೆಪೂರ್ವ ನಡವಳಿಕೆಯ ನಿರ್ದೇಶನದ 17ನೇ ಪ್ಯಾರಾವನ್ನು ಅವುಗಳಲ್ಲಿ ಹುಡುಕಿ ನೋಡಿ, ಸಿಗುವುದು ಕಷ್ಟ.

ವಿಷಯವಿರುವುದೇ ಅಲ್ಲಿ. ವಾದಿ ಮೊದಲು ನೋಟಿಸ್ ಪತ್ರ ಬರೆಯಬೇಕು. ಉತ್ತರಕ್ಕೆ ಸರಳ ಪ್ರಕರಣದಲ್ಲಿ 14 ದಿನ, ತೀರಾ ಜಟಿಲವಾದದ್ದರಲ್ಲಿ ಹೆಚ್ಚೆಂದರೆ 3 ತಿಂಗಳು ಕೊಡಬೇಕು. ದಾಖಲೆ ಹಂಚಿಕೊಳ್ಳಬೇಕು, ಮಧ್ಯಸ್ಥಿಕೆಯನ್ನು ಪರಿಗಣಿಸಬೇಕು. ಇದನ್ನು ಕಡೆಗಣಿಸಿದವರು ಮುಂದೆ ಎದುರಾಳಿಯ ಖರ್ಚನ್ನೂ ಹೊರಬೇಕಾಗಬಹುದು. ಇಷ್ಟೆಲ್ಲ ಹೇಳಿದ ಮೇಲೆ 17ನೇ ಪ್ಯಾರಾ ಸ್ಪಷ್ಟಪಡಿಸುತ್ತದೆ: ಇವು ಯಾವುದರಿಂದಲೂ ಶಾಸನದ ಕಾಲಮಿತಿ ಬದಲಾಗದು, ಗಡುವು ದಾಟಿದರೆ ಪ್ರತಿವಾದಿ ಅದನ್ನೇ ಗುರಾಣಿಯಾಗಿ ಹಿಡಿಯಬಹುದು.

ಆರು ವರ್ಷ ಸಾಲದೇ ಎಂದು ಕೇಳುವವರಿದ್ದಾರೆ. 1980ರ ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಆ ಆರು ವರ್ಷವನ್ನು ಕರಾರು ಮುರಿದ ದಿನದಿಂದ ಎಣಿಸುತ್ತದೆ, ಅದು ನಿಮಗೆ ಗೊತ್ತಾದ ದಿನದಿಂದಲ್ಲ. ಕಾರ್ಖಾನೆಯ ಚಾವಣಿಯನ್ನು ಕೆಟ್ಟದಾಗಿ ಹೊದಿಸಿದ್ದು ನಾಲ್ಕನೇ ಮಳೆಗಾಲದಲ್ಲಿ ಸೋರಿ ಬಯಲಾಗುತ್ತದೆ. ರಿಪೇರಿ ಮಾಡಿಕೊಡುತ್ತೇವೆ ಎಂಬ ಭರವಸೆಯಲ್ಲಿ ಒಂದು ವರ್ಷ, ತಜ್ಞರ ವರದಿಗೆ ಆರು ತಿಂಗಳು ಹೋಗುತ್ತದೆ. ನೋಟಿಸ್ ಪತ್ರ ಹೊರಡುವ ಹೊತ್ತಿಗೆ ಉಳಿಯುವುದು ಕೆಲವೇ ತಿಂಗಳು. ಆಗ ಗುತ್ತಿಗೆದಾರನ ವಕೀಲರು ಸಂಯಮದಿಂದ, ವಿನಯದಿಂದ ಮಾತುಕತೆಗೆ ಒಪ್ಪುತ್ತಾರೆ. ಒಪ್ಪಿ ದಿನ ತಳ್ಳುತ್ತಾರೆ.

ಗಡುವು ಸ್ಥಗಿತದ ಒಪ್ಪಂದ ಮಾಡಿಕೊಳ್ಳಬಹುದಲ್ಲ ಎನ್ನುತ್ತಾರೆ. ಅದಕ್ಕೆ ಎದುರಾಳಿಯ ಸಹಿ ಬೇಕು, ಗಡುವು ಓಡಿದಷ್ಟೂ ಲಾಭವಿರುವವನು ಯಾಕೆ ಸಹಿ ಹಾಕುತ್ತಾನೆ? ಇನ್ನೊಂದು ದಾರಿಯನ್ನು ಅದೇ ಪ್ಯಾರಾ ತೋರಿಸುತ್ತದೆ: ಮೊದಲು ದಾವೆ ಹೂಡಿ, ಆಮೇಲೆ ಮಾತುಕತೆಗಾಗಿ ತಡೆ ಕೇಳಿ. ಅದರ ಬೆಲೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. 10,000 ಪೌಂಡ್‌ನಿಂದ 2 ಲಕ್ಷ ಪೌಂಡ್‌ವರೆಗಿನ ದಾವೆಗೆ ಕೋರ್ಟ್ ಶುಲ್ಕ ಶೇ 5. ಆ ಚಾವಣಿಯ ನಷ್ಟ 80,000 ಪೌಂಡ್ ಎಂದಾದರೆ, ಕೋರ್ಟಿಗೆ ಹೋಗದೆ ಮಾತಾಡುವ ಹಕ್ಕು ಉಳಿಸಿಕೊಳ್ಳಲು 4,000 ಪೌಂಡ್ ಕಟ್ಟಿ ಕೋರ್ಟಿಗೇ ಹೋಗಬೇಕು! ಕೋರ್ಟಿನ ಹೊರೆ ತಗ್ಗಿಸಲು ತಂದ ವ್ಯವಸ್ಥೆ ವಾದಿಯನ್ನು ಅವಸರದಲ್ಲಿ ಕೋರ್ಟಿನ ಬಾಗಿಲಿಗೇ ಅಟ್ಟುತ್ತದೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದ್ದೇನೂ ಇಲ್ಲ. ನಮ್ಮ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರಲ್ಲಿ ಸೇರಿದ 12ಎ ಸೆಕ್ಷನ್, ತುರ್ತು ಪರಿಹಾರ ಕೋರದ ದಾವೆಗೆ ಮುನ್ನ ಮಧ್ಯಸ್ಥಿಕೆಯನ್ನು ಕಡ್ಡಾಯ ಮಾಡಿತು. ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಸೆಕ್ಷನ್ ಜೊತೆಯಲ್ಲೇ ಇನ್ನೊಂದು ಮಾತನ್ನೂ ಹೇಳುತ್ತದೆ: ಮಧ್ಯಸ್ಥಿಕೆಯಲ್ಲಿ ಕಳೆದ ಅವಧಿಯನ್ನು ಕಾಲಮಿತಿಗೆ ಎಣಿಸತಕ್ಕದ್ದಲ್ಲ. ಈ ರಕ್ಷಣೆಗೆ ಒಗ್ಗಿಕೊಂಡ ಬೆಂಗಳೂರಿನ ಕಂಪನಿಯೊಂದು, ಇಂಗ್ಲಿಷ್ ಕಾನೂನಿಗೆ ಒಳಪಟ್ಟ ಕರಾರಿನಲ್ಲೂ ಅದೇ ಇದೆ ಎಂದು ನಂಬಿ ಮಾತುಕತೆ ಮುಂದುವರಿಸಿದರೆ ಹಕ್ಕನ್ನೇ ಕಳೆದುಕೊಳ್ಳಬಹುದು.

ಇಂಗ್ಲೆಂಡ್‌ಗೂ ಇದು ಅಪರಿಚಿತವಲ್ಲ. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ನೌಕರ ಮೊದಲು ರಾಜಿ ಸಂಧಾನದ ಬಾಗಿಲು ತಟ್ಟಲೇಬೇಕೆಂಬ ನಿಯಮ 2014ರಲ್ಲಿ ಬಂದಾಗ, ಆ ಸಂಧಾನದ ಅವಧಿಗೆ ಗಡುವು ನಿಲ್ಲುವ ಏರ್ಪಾಡೂ ಬಂತು. ಕಾಲಮಿತಿ ಕಾಯ್ದೆಗೇ 2011ರಲ್ಲಿ 33ಎ ಸೆಕ್ಷನ್ ಸೇರಿತ್ತು. ಮಧ್ಯಸ್ಥಿಕೆ ನಡೆಯುತ್ತಿರುವಾಗಲೋ, ಮುಗಿದ ಎಂಟು ವಾರದೊಳಗೋ ಗಡುವು ತೀರುವಂತಿದ್ದರೆ ಅದು ಆ ಎಂಟು ವಾರದ ಕೊನೆಯವರೆಗೆ ಮುಂದೆ ಹೋಗುತ್ತಿತ್ತು. ಐರೋಪ್ಯ ಒಕ್ಕೂಟದೊಳಗಿನ ಗಡಿಯಾಚೆಯ ವ್ಯಾಜ್ಯಗಳಿಗೆ ಮಾತ್ರ ಅದು ಅನ್ವಯ. ಅದನ್ನು ದೇಶದೊಳಗಿನ ವ್ಯಾಜ್ಯಗಳಿಗೆ ವಿಸ್ತರಿಸುವ ಬದಲು, ಬ್ರೆಕ್ಸಿಟ್ ಹೆಸರಿನಲ್ಲಿ 2020ರ ಕೊನೆಗೆ ಕಿತ್ತುಹಾಕಿದರು. ಮೂರು ವರ್ಷ ತುಂಬುವ ಮೊದಲೇ ಚರ್ಚಿಲ್ ತೀರ್ಪು ಬಂತು.

ನಿಯಮ ರೂಪಿಸುವ ಸಮಿತಿ ಇದನ್ನು ಸರಿಪಡಿಸಲಾರದು. ಕಾಲಮಿತಿ ಸಂಸತ್ತಿನ ಕಾಯ್ದೆ, ಅದನ್ನು ತಿದ್ದಬೇಕಾದ್ದೂ ಸಂಸತ್ತೇ. ರದ್ದಾದ 33ಎ ಸೆಕ್ಷನ್ನಿನಿಂದ ಗಡಿಯಾಚೆ ಎಂಬ ಷರತ್ತು ತೆಗೆದು, ನೋಟಿಸ್ ಪತ್ರ ತಲುಪಿದ ದಿನದಿಂದ ಗಡುವು ನಿಲ್ಲುತ್ತದೆ ಎಂದು ಸೇರಿಸಿ, ದುರುಪಯೋಗವಾಗದಂತೆ ಆರು ತಿಂಗಳ ಮಿತಿ ಹಾಕಿದರೆ ಸಾಕು.