ಹುಟ್ಟುಹಬ್ಬದಂದು ಗೂಢಚಾರರ ಆಟ

ಮಕ್ಕಳ ವರ್ಧಂತಿಗೆ ಎಣ್ಣೆಸ್ನಾನ, ಆರತಿ, ಹಿರಿಯರ ಆಶೀರ್ವಾದ, ಒಂದು ಸಿಹಿಯಡಿಗೆ ಇವಿಷ್ಟೇ ಸಾಕೆನ್ನುವ ಕಾಲವು ಹೋಯಿತು. ಈಗ ಸಾಯಂಕಾಲ ನೆರೆಹೊರೆಯ ಮಕ್ಕಳನ್ನು ಕರೆಯುವುದೂ, ಆ ಕೂಟಕ್ಕೆ ಯಾವುದಾದರೊಂದು ವೇಷವನ್ನೋ ಕಥೆಯನ್ನೋ ಕಲ್ಪಿಸುವುದೂ ರೂಢಿಯಾಗಿದೆ. ತಮ್ಮ ಹುಡುಗನು ಈ ವರ್ಷ ಗೂಢಚಾರರ ಆಟವೇ ಆಗಬೇಕೆಂದು ಹಟ ಹಿಡಿದಿರುವನೆಂದೂ, ಇದು ಮಕ್ಕಳಿಗೆ ತಕ್ಕದ್ದೆ, ತಕ್ಕದ್ದಾದರೆ ನಡೆಸುವ ಬಗೆ ಹೇಗೆ ಎಂದೂ ವಾಚಕಿಯೊಬ್ಬರು ಕೇಳಿದ್ದಾರೆ. ಇಂತಹ ಸಂದೇಹವು ಅನೇಕ ಗೃಹಸ್ಥರಿಗೆ ಇರಬಹುದಾದುದರಿಂದ ಈ ತಿಂಗಳು ಅದನ್ನೇ ವಿಚಾರಿಸುವೆವು.

ಗೂಢಚಾರನೆಂಬುವನು ಪರದೇಶದ ಚಲಚ್ಚಿತ್ರಗಳಿಂದ ನಮ್ಮ ಮನೆಯೊಳಕ್ಕೆ ಬಂದವನೆಂದು ಭಾವಿಸಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿದ್ಯಾರ್ಥಿ, ಕೃಷಿಕ, ವರ್ತಕ, ತಾಪಸ ಮೊದಲಾದ ವೇಷಗಳ ಚಾರರನ್ನು ವಿವರವಾಗಿ ಹೇಳಿದೆ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905 ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909 ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳೇ. ಒಬ್ಬ ಚಾರನು ತಂದ ಸುದ್ದಿಯನ್ನು ಕೂಡಲೆ ನಂಬಲಾಗದು, ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದಾದರೆ ನಂಬಬಹುದು ಎಂಬುದು ಅಲ್ಲಿಯ ನಿಯಮ. ಕೇಳಿದ್ದನ್ನೆಲ್ಲ ನಂಬಿ ಹತ್ತು ಜನರಿಗೆ ಹರಡುವ ಈ ಕಾಲದಲ್ಲಿ, ಇದೊಂದನ್ನು ಆಟದ ಮೂಲಕ ಮಕ್ಕಳು ಕಲಿತರೂ ಆ ಸಾಯಂಕಾಲ ಸಾರ್ಥಕವೇ ಸರಿ.

ಕೂಟಕ್ಕೊಂದು ಕಥೆ ಬೇಕಷ್ಟೆ. ಅದನ್ನು ವಿಶಾಖದತ್ತನ ಮುದ್ರಾರಾಕ್ಷಸದಿಂದ ತೆಗೆದುಕೊಳ್ಳಬಹುದು. ಚಾಣಕ್ಯನ ಚಾರನಾದ ನಿಪುಣಕನು ಯಮಪಟವನ್ನು ತೋರಿಸುತ್ತ ಹಾಡುವ ಭಿಕ್ಷುಕನಂತೆ ಚಂದನದಾಸನ ಮನೆಯನ್ನು ಹೊಗುತ್ತಾನೆ. ಕುತೂಹಲದಿಂದ ಒಂದು ಐದು ವರ್ಷದ ಮಗು ಒಳಗಿನಿಂದ ಹೊರಕ್ಕೆ ಓಡಿಬರುತ್ತದೆ. ಅದನ್ನು ಹಿಂದಕ್ಕೆಳೆಯಲು ಬಾಗಿಲಿನಿಂದ ನೀಡಿದ ಹೆಂಗಸಿನ ಕೈಯಿಂದ, ಗಂಡಸಿನ ಬೆರಳಿಗೆ ಮಾಡಿಸಿದ್ದ ಮುದ್ರೆಯುಂಗುರವು ಜಾರಿ ಉರುಳಿ ನಿಪುಣಕನ ಕಾಲ ಬಳಿ ನಿಲ್ಲುತ್ತದೆ. ಅದು ಅಮಾತ್ಯ ರಾಕ್ಷಸನ ಉಂಗುರ; ನಾಟಕದ ಮುಂದಿನ ಕಥೆಗೆಲ್ಲ ಅದೇ ಆಧಾರ. ಮಕ್ಕಳನ್ನು ಕೂರಿಸಿ ಇಷ್ಟನ್ನು ಸ್ವಾರಸ್ಯವಾಗಿ ಹೇಳಿ, 'ಆ ಉಂಗುರವು ಈ ದಿನ ಈ ಮನೆಯಲ್ಲಿ ಅಡಗಿದೆ, ಹುಡುಕಿರಿ' ಎಂದರೆ ಸಾಕು. ಬಂದೂಕಿನ ಬೊಂಬೆಗಳಾಗಲಿ ಬೆಲೆಯುಳ್ಳ ಅಲಂಕಾರಗಳಾಗಲಿ ಬೇಕಾಗವು.

ಏಳರಿಂದ ಹನ್ನೊಂದು ವರ್ಷದ ಹನ್ನೆರಡು ಮಕ್ಕಳಿದ್ದರೆ ಆಟವು ಚೆನ್ನಾಗಿ ನಡೆಯುವುದು. ನಾಲ್ವರಂತೆ ಮೂರು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿಯೂ ದೊಡ್ಡವರೊಂದಿಗೆ ಚಿಕ್ಕವರನ್ನು ಬೆರಸತಕ್ಕದ್ದು. ಒಟ್ಟು ಎರಡು ಗಂಟೆಯ ಕಾಲ ಸಾಕು.

ಮೊದಲನೆಯದು ಕಣ್ಣಿನ ಪರೀಕ್ಷೆ. ಒಂದು ತಟ್ಟೆಯಲ್ಲಿ ಬೀಗದ ಕೈ, ಗುಂಡಿ, ಅಡಿಕೆ, ದಾರದುಂಡೆ, ಲವಂಗ ಮುಂತಾದ ಹದಿನೈದು ಸಾಮಾನುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಬೇಕು. ಇದು ಕಿಪ್ಲಿಂಗನು 1901 ರಲ್ಲಿ ಪ್ರಕಟಿಸಿದ 'ಕಿಮ್' ಕಾದಂಬರಿಯಲ್ಲಿ ರತ್ನಗಳಿಂದ ಆಡಿಸಿದ ಆಟ. ಬೇಡನ್ ಪವೆಲ್ಲರು 1908 ರಲ್ಲಿ ಇದನ್ನು ಬಾಲಚರರಿಗೆ ಕಲಿಸಿದರು. ಮೂರು ಗುಂಪುಗಳೂ ಬೇರೆ ಬೇರೆ ಮೂಲೆಗಳಲ್ಲಿ ಕುಳಿತು ಪಟ್ಟಿಯನ್ನು ಬರೆಯಲಿ. ಮೂರರಲ್ಲಿಯೂ ಇರುವ ಹೆಸರು ಕೌಟಿಲ್ಯನ ನಿಯಮದಂತೆ ನಿಶ್ಚಿತವಾದುದು. ಒಂದರಲ್ಲಿ ಮಾತ್ರವಿರುವುದನ್ನು ಸುಳ್ಳೆನ್ನದೆ, ಇನ್ನೂ ನಿಶ್ಚಯವಾಗದುದೆಂದು ಗುರುತು ಹಾಕಿ, ಬಳಿಕ ಬಟ್ಟೆ ತೆಗೆದು ನೋಡಬೇಕು. ಒಬ್ಬನೇ ಕಂಡದ್ದು ನಿಜವಾಗಿರುವುದೂ ಉಂಟೆಂದು ಆಗ ಮಕ್ಕಳಿಗೆ ತಾನಾಗಿಯೇ ತಿಳಿಯುವುದು.

ಎರಡನೆಯದು ಕಾಣದ ಬರಹ. ಹಿಂದಿನ ದಿನವೇ ನಿಂಬೆಯ ರಸದಲ್ಲಿ ಕಡ್ಡಿಯನ್ನದ್ದಿ ಬಿಳಿಯ ಕಾಗದದ ಮೇಲೆ ಒಂದೊಂದು ಪದವನ್ನು ಬರೆದು ಒಣಗಿಸಿರಬೇಕು. ಒಂದು ಗುಂಪಿಗೆ 'ತಾಯಿ', ಒಂದಕ್ಕೆ 'ಹಾಲು', ಒಂದಕ್ಕೆ 'ಕವಿ'. ಬಿಸಿಯಾದ ಇಸ್ತ್ರಿಪೆಟ್ಟಿಗೆಯನ್ನು ಕಾಗದದ ಮೇಲೆ ಆಡಿಸಿದರೆ, ಕಾಗದಕ್ಕಿಂತ ಮೊದಲು ರಸವು ಕಂದುವುದರಿಂದ ಅಕ್ಷರಗಳು ಕಂದುಬಣ್ಣದಲ್ಲಿ ಮೂಡುವವು. ಈ ಕೆಲಸವು ದೊಡ್ಡವರದೇ. ಮಕ್ಕಳನ್ನು ಮಾರು ದೂರ ನಿಲ್ಲಿಸಬೇಕು.

ಮೂರನೆಯದು ಸಂಖ್ಯೆಯ ಗುಟ್ಟು. ನಮ್ಮ ಪೂರ್ವಿಕರ ಕಟಪಯಾದಿ ಕ್ರಮವು ಇದಕ್ಕೆ ಹೇಳಿಮಾಡಿಸಿದಂತಿದೆ. ಕಕಾರದಿಂದ ಝಕಾರದವರೆಗೆ 1 ರಿಂದ 9, ಞಕಾರ ಸೊನ್ನೆ. ಟಕಾರದಿಂದ ಧಕಾರದವರೆಗೆ 1 ರಿಂದ 9, ನಕಾರ ಸೊನ್ನೆ. ಪಕಾರದಿಂದ ಮಕಾರದವರೆಗೆ 1 ರಿಂದ 5. ಯಕಾರದಿಂದ ಹಕಾರದವರೆಗೆ 1 ರಿಂದ 8. ಸ್ವರಚಿಹ್ನೆಗಳಿಗೆ ಬೆಲೆಯಿಲ್ಲ. ಬಂದ ಅಂಕಗಳನ್ನು ಬಲದಿಂದ ಎಡಕ್ಕೆ ಓದಬೇಕು. 'ಜಯ' ಎಂದರೆ 8, 1. ತಿರುಗಿಸಿದರೆ 18, ಮಹಾಭಾರತದ ಪರ್ವಗಳ ಸಂಖ್ಯೆ. ಸಂಗೀತ ಕಲಿಯುವ ಮಕ್ಕಳು ಮೊದಲು ಹಾಡುವ ಮಾಯಾಮಾಳವಗೌಳದ ಆದಿಯ ಎರಡಕ್ಷರಗಳೂ ಹೀಗೆಯೇ 15 ಆಗಿ, ಎಪ್ಪತ್ತೆರಡು ಮೇಳಗಳಲ್ಲಿ ಅದರ ಸ್ಥಾನವನ್ನು ಸೂಚಿಸುವವು. ಈ ಕ್ರಮವನ್ನು ಒಂದು ರಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಗೋಡೆಗೆ ತೂಗಹಾಕಿದರೆ, 'ತಾಯಿ' 16 ಎಂದೂ, 'ಹಾಲು' 38 ಎಂದೂ, 'ಕವಿ' 41 ಎಂದೂ ಮಕ್ಕಳೇ ಬಿಡಿಸುವರು. ಮೇಜಿನ ಮೇಲಿನ ಪುಸ್ತಕವೊಂದರ ಆ ಪುಟಗಳಲ್ಲಿ ಒಂದೊಂದು ಚೀಟಿ: 'ಅಡಿಗೆಮನೆಯ', 'ಬೆಲ್ಲದ', 'ಡಬ್ಬಿ'. ಮೂರು ಚೀಟಿಗಳೂ ಕೂಡಿದ ಹೊರತು ಉಂಗುರವು ಸಿಕ್ಕದು. ಆದುದರಿಂದ ಒಂದು ಗುಂಪು ಗೆದ್ದು ಎರಡು ಗುಂಪುಗಳು ಮುಖ ಬಾಡಿಸಿಕೊಂಡು ಮನೆಗೆ ಹೋಗುವ ಪ್ರಸಂಗವೇ ಇಲ್ಲ. ಬಳಿಕ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿ. ಹೂರಣವನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡ ಹೋಳಿಗೆಗಿಂತ ಈ ದಿನಕ್ಕೊಪ್ಪುವ ಭಕ್ಷ್ಯವಾವುದು?

ಇನ್ನು ಮೂರು ಎಚ್ಚರಿಕೆಗಳು. ಯಾವ ಮಗುವನ್ನೂ ಕಳ್ಳನನ್ನಾಗಿಯೋ ದ್ರೋಹಿಯನ್ನಾಗಿಯೋ ಮಾಡಲಾಗದು. ಆಟದಲ್ಲಿ ಬಂದ ಅಡ್ಡಹೆಸರು ಶಾಲೆಯವರೆಗೂ ಹಿಂಬಾಲಿಸುವುದನ್ನು ನಾವು ಉಪಾಧ್ಯಾಯ ವೃತ್ತಿಯಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಎರಡನೆಯದಾಗಿ, ನೆರೆಮನೆಯ ಕಿಟಕಿ, ಪರರ ಪತ್ರ, ದೊಡ್ಡವರ ಮೊಬೈಲು ಇವು ಆಟದ ಎಲ್ಲೆಯಿಂದ ಹೊರಗೆಂದು ಮೊದಲೇ ಸಾರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಗುಟ್ಟನ್ನು ಕಾಯುವುದು ಜಾಣತನವೆಂದು ಆ ದಿನ ನಾವು ಮಕ್ಕಳಿಗೆ ಕಲಿಸುತ್ತಿರುವೆವು. ಆದರೆ 'ಇದನ್ನು ನಿಮ್ಮ ತಾಯಿಗೆ ಹೇಳಬೇಡ' ಎಂದು ಮಗುವಿನ ಕಿವಿಯಲ್ಲಿ ಹೇಳುವ ದೊಡ್ಡವರೂ ಲೋಕದಲ್ಲಿದ್ದಾರೆ. ಅವರಲ್ಲಿ ಕೆಲವರು ಪರಿಚಿತರೇ, ಮನೆಗೆ ಬಂದುಹೋಗುವವರೇ ಆಗಿರುತ್ತಾರೆ. ಆದುದರಿಂದ ಉಂಗುರವು ಸಿಕ್ಕಿದ ಮೇಲೆ, ಊಟಕ್ಕೆ ಮುನ್ನ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಎರಡು ಮಾತು ಹೇಳಿರಿ: 'ಆಟದ ಗುಟ್ಟು ಈಗ ಎಲ್ಲರೆದುರಿಗೆ ಬಯಲಾಯಿತು, ಎಲ್ಲರೂ ನಕ್ಕೆವು. ಎಂದೆಂದಿಗೂ ಹೇಳಬಾರದೆಂದು ದೊಡ್ಡವರು ಯಾರಾದರೂ ಹೊರಿಸುವ ಗುಟ್ಟು ಆಟವಲ್ಲ. ಅದನ್ನು ಅದೇ ದಿನ ಬಂದು ನಮಗೆ ಹೇಳಿಬಿಡಿ, ನಾವು ಬಯ್ಯುವುದಿಲ್ಲ.' ಹಾಗೆ ಹೇಳಿದ ಮೇಲೆ, ಮಗು ಎಂದಾದರೂ ಹೇಳಲು ಬಂದಾಗ ಬಯ್ಯದಿರುವುದು ತಂದೆತಾಯಿಗಳ ಹೊಣೆ. ಇಷ್ಟಕ್ಕೆ ಒಪ್ಪುವ ಮನೆಯವರು ಹುಡುಗನ ಹಟವನ್ನು ಧಾರಾಳವಾಗಿ ನಡೆಸಿಕೊಡಬಹುದು.